ಅಡಿಗಲ್ಲಿನ ಮೇಲಿನ ಮೂರು ಅಂಕಿ

ಕಮ್ಮಾರರು ಕಬ್ಬಿಣ ಬಡಿಯುವ ಹಳೆಯ ಇಂಗ್ಲಿಷ್ ಅಡಿಗಲ್ಲಿನ ಪಕ್ಕೆಯಲ್ಲಿ ಮೂರು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ನಾನು ನೋಡಿದ್ದರ ಮೇಲಿದ್ದದ್ದು 1, 2, 14. ನೂರು ವರ್ಷದ ತುಕ್ಕಿನ ಅಡಿಯಲ್ಲಿ ಅವು ಬರಿಗಣ್ಣಿಗೆ ಕಾಣುವುದಿಲ್ಲ. ಸೀಮೆಸುಣ್ಣ ಉಜ್ಜಿ, ಮೇಲಿನ ಪುಡಿಯನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ತಗ್ಗಿನಲ್ಲಿ ಕೂತ ಬಿಳುಪು ಅಂಕಿಯಾಗಿ ಎದ್ದು ಬರುತ್ತದೆ. ಮಾರಲು ತಂದವರು ಅದನ್ನು 1214 ಎಂದು ಒಟ್ಟಿಗೆ ಓದಿ ಏನೇನೋ ಅರ್ಥ ಹೇಳುವುದುಂಟು.

ಅದು ತೂಕ. ಮೊದಲನೆಯದು ಹಂಡ್ರೆಡ್‌ವೆಯ್ಟ್, ಹೆಸರಿಗೆ ನೂರು, ಲೆಕ್ಕಕ್ಕೆ 112 ಪೌಂಡ್. ಎರಡನೆಯದು ಅದರ ಕಾಲು ಭಾಗ, 28 ಪೌಂಡ್. ಮೂರನೆಯದು ಚಿಲ್ಲರೆ ಪೌಂಡ್. 112, ಎರಡು ಕಾಲಿಗೆ 56, ಮೇಲೆ 14: ಒಟ್ಟು 182 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 82.5 ಕಿಲೋ. ನಡುವಿನ ಅಂಕಿ 3ನ್ನು ದಾಟುವ ಹಾಗಿಲ್ಲ, ಕೊನೆಯದು 27ನ್ನು ದಾಟುವ ಹಾಗಿಲ್ಲ. ದಾಟಿದ್ದರೆ ಓದಿದ್ದೇ ತಪ್ಪು. ಮಣ, ಸೇರು, ಪಾವು, ಚಟಾಕು ಬಾಯಿಪಾಠ ಮಾಡಿದ ನನ್ನ ವಾರಗೆಯವರಿಗೆ ಇದು ಕಷ್ಟವಲ್ಲ. ನಾನು ಥಟ್ಟನೆ ಲೆಕ್ಕ ಹೇಳಿದ್ದಕ್ಕೆ ಅಡಿಗಲ್ಲಿನ ಯಜಮಾನರು ನನ್ನನ್ನು ಒಳಗೆ ಕರೆದು ಸ್ಟೂಲು ಕೊಟ್ಟರು. ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದೆ.

ಇದು ನಡೆದ ಊರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪಂದಿರು ಬೆಳಗ್ಗೆ ವಾಕಿಂಗ್ ಹೋಗುತ್ತಾರಲ್ಲ, ಹಾಗೆ ಹೋಗುವಾಗ ಒಂದು ಶೆಡ್ಡಿನಿಂದ ಠಣ್ ಠಣ್ ಸದ್ದು ಕೇಳಿಸಿತು. ಮಲೆನಾಡಿನ ನನ್ನ ಊರಿನಲ್ಲಿ ಈ ಸದ್ದು ಈಗ ಅಪರೂಪ. ಶೆಡ್ಡಿನ ಯಜಮಾನರು ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಗೆಲಸ, ಲೋಹದ ಕೆಲಸ ಕಲಿಸಿ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಆದ್ದರಿಂದ ಬರೀ ಮೇಷ್ಟ್ರು ಎನ್ನುತ್ತೇನೆ. ಕಮ್ಮಾರಿಕೆ ಅವರ ಕುಲಕಸುಬಲ್ಲ, ಹೊಟ್ಟೆಪಾಡೂ ಅಲ್ಲ. ಹವ್ಯಾಸ. ಆದರೆ ಆ ಶೆಡ್ಡಿನಲ್ಲಿ ಎರಡನೇ ಮಹಾಯುದ್ಧದ ಈಚೆಗೆ ತಯಾರಾದ ವಸ್ತು ಎಂದರೆ ಗೋಡೆಯ ಬಲ್ಬು ಮತ್ತು ಅವರ ಕನ್ನಡಕ ಮಾತ್ರ ಇರಬೇಕು.

ನಮ್ಮ ಕಡೆಯ ಅಡಿಗಲ್ಲಿಗೆ ಕೊಂಬಿಲ್ಲ. ನೆಲದಲ್ಲಿ ಹೂತ ದಿಮ್ಮಿಯ ಮೇಲೆ ಚೌಕನೆಯ ಕಬ್ಬಿಣದ ಗಟ್ಟಿ ಕೂತಿರುತ್ತದೆ, ಅದರ ಮುಂದೆ ಆಚಾರಿ ಕುಕ್ಕರಗಾಲಲ್ಲಿ ಕೂತು ಬಡಿಯುತ್ತಾನೆ. ಇವರದು ನಿಂತು ಬಡಿಯುವ ಕಸುಬು. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಬೆರಳ ಗೆಣ್ಣು ಎಲ್ಲಿಗೆ ಬರುತ್ತದೋ ಆ ಎತ್ತರಕ್ಕೆ ಅಡಿಗಲ್ಲಿನ ಮುಖ ಬರಬೇಕು. ಒಂದು ತುದಿಯಲ್ಲಿ ಚೂಪಾದ ಕೊಂಬು, ಕಂಬಿಯನ್ನು ಬಳಸಿ ಬಗ್ಗಿಸುವುದಕ್ಕೆ. ಇನ್ನೊಂದು ತುದಿಯ ಹಿಮ್ಮಡಿಯಲ್ಲಿ ಒಂದು ಚೌಕ ತೂತು, ಅಲ್ಲಿ ಕತ್ತರಿಸುವ ಉಳಿಯನ್ನು ಬಾಯಿ ಮೇಲೆ ಮಾಡಿ ಸಿಕ್ಕಿಸುತ್ತಾರೆ. ಪಕ್ಕದಲ್ಲಿ ಸಣ್ಣ ದುಂಡು ತೂತು, ಲಾಳಕ್ಕೆ ಮೊಳೆಯ ಕಂಡಿ ಹೊಡೆಯುವಾಗ ಚೂರು ಕೆಳಗೆ ಬೀಳಲೆಂದು. ಮೇಷ್ಟ್ರ ಅಡಿಗಲ್ಲು ಶೆಫೀಲ್ಡಿನ ಮೌಸ್‌ಹೋಲ್ ಕಾರ್ಖಾನೆಯದು. ಅಲ್ಲಿನ ಕೆಲವು ಅಡಿಗಲ್ಲುಗಳ ಮೇಲೆ ಹೆಸರಿನ ನಡುವೆ ಇಲಿಯ ಚಿತ್ರವನ್ನೇ ಒತ್ತಿರುತ್ತಾರೆ. ಇವರದರಲ್ಲಿ ಇಲಿ ಸವೆದುಹೋಗಿದೆ, ಬಾಲ ಇದೆ ಎಂದು ಅವರು ಹೇಳಿದರು. ನನಗೆ ಕಾಣಲಿಲ್ಲ.

ಈ ಅಡಿಗಲ್ಲುಗಳ ಮೈಯೆಲ್ಲ ಮೆತುಕಬ್ಬಿಣ. ಮೇಲ್ಮುಖಕ್ಕೆ ಮಾತ್ರ ಸುಮಾರು ಅರ್ಧ ಇಂಚು ದಪ್ಪದ ಉಕ್ಕಿನ ಹಲಗೆ. ಎರಡನ್ನೂ ಬಿಳಿ ಬಿಸಿಗೆ ತಂದು ಬಡಿದು ಬೆಸೆದದ್ದು. ಕ್ವಿಂಟಲ್ ಹತ್ತಿರದ ಕಬ್ಬಿಣವನ್ನು ಕ್ರೇನಿನಲ್ಲಿ ತೂಗಿಸಿಕೊಂಡು, ನಾಲ್ಕಾರು ಜನ ಸುತ್ತ ನಿಂತು ಚಮ್ಮಟಿಗೆ ಹೊಡೆಯಬೇಕು. ಬೆಸುಗೆ ಕೂತಿದೆಯೋ ಇಲ್ಲವೋ ಎಂದು ಇವತ್ತಿಗೂ ಎರಡೇ ಪರೀಕ್ಷೆ. ಸಣ್ಣ ಸುತ್ತಿಗೆಯಿಂದ ಮುಖದ ಉದ್ದಕ್ಕೂ ತಟ್ಟುತ್ತ ಹೋಗುವುದು; ಎಲ್ಲಿ ದನಿ ಬೊಡ್ಡಾಗುತ್ತದೋ ಅಲ್ಲಿ ಹಲಗೆ ಬಿಟ್ಟಿದೆ. ಎರಡನೆಯದು, ಬೇರಿಂಗಿನ ಉಕ್ಕಿನ ಗುಂಡನ್ನು ಮೇಲಿನಿಂದ ಬಿಡುವುದು. ಒಳ್ಳೆಯ ಅಡಿಗಲ್ಲಾದರೆ ಗುಂಡು ಬಿಟ್ಟ ಎತ್ತರದ ಹತ್ತಿರ ಹತ್ತಿರಕ್ಕೆ ಪುಟಿದು ಬರುತ್ತದೆ. ಮೇಷ್ಟ್ರು ಬಿಟ್ಟ ಗುಂಡು ಅದೆಷ್ಟು ಹೊತ್ತು ಕುಣಿಯಿತೆಂದರೆ, ಅದು ನಿಲ್ಲುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಆ ಪುಟಿತವೇ ಕಮ್ಮಾರನಿಗೆ ಅರ್ಧ ಕೂಲಿ. ಸುತ್ತಿಗೆ ತಾನೇ ಮೇಲೆದ್ದರೆ ತೋಳಿಗೆ ದಣಿವಿಲ್ಲ.

ಮೇಷ್ಟ್ರಿಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಹಳೆಯ ಅಡಿಗಲ್ಲು ಕೊಂಡವರು ಅದರ ಮುಖದ ಗಾಯ, ತಗ್ಗು ನೋಡಲಾರದೆ ಮೆಷಿನ್ ಶಾಪಿಗೆ ಒಯ್ದು ಕನ್ನಡಿಯ ಹಾಗೆ ಅರೆಸುತ್ತಾರೆ. ಅರ್ಧ ಇಂಚಿನ ಉಕ್ಕಿನಲ್ಲಿ ಎಷ್ಟು ಉಳಿಯಿತು? ಅದನ್ನು ತೆಗೆದರೆ ಕೆಳಗಿರುವುದು ಮೆತ್ತನೆಯ ಕಬ್ಬಿಣ. "ನೂರು ವರ್ಷ ಕೆಲಸ ಮಾಡಿ ಬಂದದ್ದನ್ನು ಒಂದು ಮಧ್ಯಾಹ್ನದಲ್ಲಿ ಕೊಲ್ಲುತ್ತಾರೆ" ಎಂದರು. ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಅಗಸೆ ಎಣ್ಣೆ ಒರೆಸಿ, ಬಡಿಯಲು ಶುರು ಮಾಡಿದರೆ ಆಯಿತು. ಉಳಿದ ಹೊಳಪು ಕೆಲಸದಿಂದಲೇ ಬರುತ್ತದಂತೆ.

ಅಮೆರಿಕದಲ್ಲೇ ತಯಾರಾದ ಅಡಿಗಲ್ಲುಗಳ ಗುರುತು ಬೇರೆ. ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ ಎರಕ ಹೊಯ್ಯುತ್ತಿದ್ದ ಫಿಷರ್ ಅಡಿಗಲ್ಲಿನ ಮೇಲೆ ಹದ್ದಿನ ಗುರುತು, ಬಡಿದರೆ ಸದ್ದೇ ಕಡಿಮೆ. ಬ್ರೂಕ್ಲಿನ್ನಿನ ಹೇ-ಬಡನ್‌ನವರು ತೂಕವನ್ನು ನೇರ ಪೌಂಡಿನಲ್ಲೇ ಒತ್ತುತ್ತಿದ್ದರು. ಇವನ್ನೆಲ್ಲ ಗುರುತಿಸಲು ರಿಚರ್ಡ್ ಪೋಸ್ಟ್‌ಮನ್ 1998ರಲ್ಲಿ ತಂದ 'ಆನ್‌ವಿಲ್ಸ್ ಇನ್ ಅಮೆರಿಕ' ಎಂಬ ದಪ್ಪ ಪುಸ್ತಕವಿದೆ. ಮೇಷ್ಟ್ರ ಪ್ರತಿಯ ಪುಟಗಳಲ್ಲಿ ಮಸಿಯ ಬೆರಳಚ್ಚು.

ಮೇಷ್ಟ್ರಿಗೆ ತಮ್ಮ ಅಡಿಗಲ್ಲು ಸಿಕ್ಕಿದ್ದು ಕೆಸರಿನಲ್ಲಿ. ಲ್ಯಾಂಕಾಸ್ಟರ್ ಸೀಮೆಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಊರೂರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ತಮ್ಮ ಖರ್ಚಿಗೆಂದು ಬಯಲಿನಲ್ಲಿ ಹರಾಜು ನಡೆಸುತ್ತಾರೆ. ಹಿಮ ಕರಗಿ ನೆಲವೆಲ್ಲ ರೊಜ್ಜಾಗಿರುತ್ತದೆ, ಹಾಗಾಗಿ 'ಮಡ್ ಸೇಲ್' ಎಂದೇ ಹೆಸರು. ಕೌದಿ, ಕುದುರೆ ಗಾಡಿ, ನೇಗಿಲು, ಹಂದಿಮಾಂಸದ ಬಾಣಲೆ ಎಲ್ಲವೂ ಸಾಲಾಗಿ ಕೂತಿರುತ್ತವೆ. ಕರೆಂಟು, ಕಾರು ಬೇಡವೆಂದು ಕುದುರೆ ಗಾಡಿಯಲ್ಲೇ ಓಡಾಡುವ ಆಮಿಷ್ ಜನ ಇಲ್ಲಿ ಬಹಳ. ಅವರಲ್ಲಿ ಕಮ್ಮಾರಿಕೆ ಹವ್ಯಾಸವಲ್ಲ, ದಿನನಿತ್ಯದ ಕೆಲಸ. ಹಾಗಾಗಿ ಹರಾಜಿನಲ್ಲಿ ಹವ್ಯಾಸಿಗೆ ಪೈಪೋಟಿ ಕೊಡುವವನು ನಿಜವಾದ ಕಮ್ಮಾರ. ಈಗೀಗ ಇಬ್ಬರನ್ನೂ ಮೀರಿಸಿ ಕೂಗುವವರು ಬಂದಿದ್ದಾರಂತೆ: ಅಡಿಗಲ್ಲು ಕೊಂಡು, ಬಣ್ಣ ಹೊಡೆದು, ಅಂಗಳದಲ್ಲಿ ಹೂಕುಂಡದ ಪಕ್ಕ ಇಡುವವರು. 2015ರಲ್ಲಿ ಶುರುವಾದ 'ಫೋರ್ಜ್ಡ್ ಇನ್ ಫೈರ್' ಎಂಬ ಟೀವಿ ಸ್ಪರ್ಧೆಯ ನಂತರ ಬೆಲೆ ಕೈಗೆ ಎಟುಕದಂತಾಯಿತು ಎನ್ನುವುದು ಮೇಷ್ಟ್ರ ದೂರು. ಆ ಕಾರ್ಯಕ್ರಮವನ್ನು ಅವರು ತಪ್ಪದೆ ನೋಡುತ್ತಾರೆ ಎಂದು ಅವರ ಹೆಂಡತಿ ಹೇಳಿದರು.

ಮೇಷ್ಟ್ರ ಕುಲುಮೆಗೆ ಗಾಳಿ ಊದುವುದು ಚರ್ಮದ ತಿದಿಯಲ್ಲ, ಕೈಯಲ್ಲಿ ತಿರುಗಿಸುವ ಬ್ಲೋವರು. ಇದೇ ಲ್ಯಾಂಕಾಸ್ಟರಿನ ಚಾಂಪಿಯನ್ ಕಂಪನಿಯಲ್ಲಿ ತಯಾರಾದದ್ದು. ಹಿಡಿ ನಿಧಾನ ತಿರುಗಿದರೂ ಒಳಗಿನ ಹಲ್ಲುಚಕ್ರಗಳು ಫ್ಯಾನನ್ನು ಬಿರುಸಾಗಿ ತಿರುಗಿಸುತ್ತವೆ. ಕೈಬಿಟ್ಟರೂ ಸ್ವಲ್ಪ ಹೊತ್ತು ಗುಂಯ್‌ಗುಡುತ್ತಲೇ ಇರುತ್ತದೆ. ಎಣ್ಣೆ ಸೋರುತ್ತದೆ, ಸೋರಲೇಬೇಕು. ಸೋರದಿದ್ದರೆ ಒಳಗೆ ಎಣ್ಣೆ ಇಲ್ಲವೆಂದು ಅರ್ಥ. ಚಾಂಪಿಯನ್ ಕಂಪನಿಗೆ ಎದುರಾಳಿಯಾಗಿದ್ದದ್ದು ಬಫಲೋ ಫೋರ್ಜ್ ಕಂಪನಿ. ಅಲ್ಲಿ ನೌಕರಿಗಿದ್ದ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಸಮಸ್ಯೆ ಬಗೆಹರಿಸಲು ಕೂತ. ಸೆಕೆಗಾಲದ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅವನು ರೂಪಿಸಿದ ವ್ಯವಸ್ಥೆಯೇ ಇವತ್ತಿನ ಏಸಿಯ ಮೂಲ. ಕುಲುಮೆಗೆ ಗಾಳಿ ಊದುವವರ ಮನೆಯಲ್ಲಿ ತಂಪು ಗಾಳಿ ಹುಟ್ಟಿತು. ಬೆವರು ಒರೆಸಿಕೊಳ್ಳುತ್ತ ಈ ಕತೆ ಹೇಳಿದ ಮೇಷ್ಟ್ರ ಶೆಡ್ಡಿನಲ್ಲಿ ಫ್ಯಾನೂ ಇಲ್ಲ.

ಇತಿಹಾಸ ಅವರ ಬಾಯಲ್ಲಿ ಐದು ನಿಮಿಷದ ಪಾಠ. ಹದಿನೆಂಟನೇ ಶತಮಾನದಲ್ಲಿ ಈ ಸೀಮೆಯ ಕಮ್ಮಾರರು ಕಾನೆಸ್ಟೋಗಾ ಎಂಬ ದೊಡ್ಡ ಸರಕು ಬಂಡಿಗಳಿಗೆ ಪಟ್ಟಿ, ಕೊಂಡಿ, ಸರಪಳಿ ಹೊಡೆದರು. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಕಾರು ಬಂತು, ಕುದುರೆ ಹೋಯಿತು, ಲಾಳವೂ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಹಳೇ ಕಬ್ಬಿಣ ಕೊಡಿ ಎಂದು ಸರ್ಕಾರ ಕೇಳಿದಾಗ ಎಷ್ಟೋ ಸಾಮಾನು ಕರಗಿತು. 1969ರಲ್ಲಿ ಅಲೆಕ್ಸ್ ಬೀಲರ್ ಕಮ್ಮಾರಿಕೆಯ ಬಗ್ಗೆ ಪುಸ್ತಕ ಬರೆದ, 1973ರಲ್ಲಿ ಜಾರ್ಜಿಯಾದಲ್ಲಿ ಬೆರಳೆಣಿಕೆಯ ಆಸಕ್ತರು ಸೇರಿ ಉತ್ತರ ಅಮೆರಿಕದ ಕಲಾ ಕಮ್ಮಾರರ ಸಂಘ ಕಟ್ಟಿದರು. ಇವತ್ತು ಊರೂರಿನಲ್ಲಿ ಅದರ ಜೊತೆ ಗುರುತಿಸಿಕೊಂಡ ಗುಂಪುಗಳಿವೆ. ವಕೀಲರು, ನರ್ಸುಗಳು, ಸಾಫ್ಟ್‌ವೇರಿನವರು ರಜೆಯಲ್ಲಿ ಬಂದು ಕೊಕ್ಕೆ ಹೊಡೆಯುತ್ತಾರೆ. ಮುಕ್ಕಾಲು ಪಾಲು ಜನ ಕೊಕ್ಕೆ, ಬಾಟಲಿ ಮುಚ್ಚಳ ತೆಗೆಯುವ ಕೀಲಿ ಇಷ್ಟರಲ್ಲೇ ನಿಲ್ಲುತ್ತಾರೆ ಎನ್ನುವುದನ್ನೂ ಬರೆಯಬೇಕು.

ನನಗೆ ತೋರಿಸಲೆಂದು ಮೇಷ್ಟ್ರು ಲಾರಿ ಕಮಾನಿನ ಪಟ್ಟಿಯ ತುಂಡಿನಿಂದ ಒಂದು ಉಳಿ ಮಾಡಿದರು. ಬೆಳಕು ಜಾಸ್ತಿಯಾದರೆ ಕಬ್ಬಿಣದ ಬಣ್ಣ ತಿಳಿಯುವುದಿಲ್ಲವೆಂದು ಬಾಗಿಲು ಓರೆ ಮಾಡಿದರು. ಮಂಕು ಕೆಂಪಿನಲ್ಲಿ ಬಡಿದರೆ ಉಕ್ಕು ಸೀಳುತ್ತದೆ, ಬಿಳಿಗೆ ತಿರುಗಿ ಚುರುಚುರು ಕಿಡಿ ಬಿಟ್ಟರೆ ಉರಿದುಹೋಗುತ್ತದೆ. ನಡುವಿನ ಕಿತ್ತಳೆ ಬಣ್ಣದ ಕೆಲವೇ ಕ್ಷಣ ಸುತ್ತಿಗೆಯದು. ಬಡಿದು ಮುಗಿದ ಮೇಲೆ ಹದ ಹಾಕುವುದು. ಅದಕ್ಕೆ ಒಂದು ಅಯಸ್ಕಾಂತವನ್ನು ತಂತಿಯಲ್ಲಿ ನೇತುಹಾಕಿದ್ದಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟದಾದ ಮೇಲೆ ಇನ್ನೊಂದಿಷ್ಟು ಕಾಯಿಸಿ ಎಣ್ಣೆಗೆ ಇಳಿಸಿದರು. ಆಮೇಲೆ ಉಳಿಯ ಬಾಯನ್ನು ಉಜ್ಜಿ ಬೆಳ್ಳಗೆ ಮಾಡಿ ಹಿಂದಿನಿಂದ ಮೆಲ್ಲಗೆ ಕಾಯಿಸುತ್ತ ಹೋದರು. ತಿಳಿ ಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಒಂದರ ಹಿಂದೊಂದು ತುದಿಯತ್ತ ಹರಿದವು. ಬೇಕಾದ ಬಣ್ಣ ಬಾಯಿಗೆ ಬಂದ ಕೂಡಲೇ ನೀರಿಗೆ. ನಮ್ಮೂರ ಆಚಾರಿ ಇದನ್ನೆಲ್ಲ ಅಯಸ್ಕಾಂತವಿಲ್ಲದೆ, ನನ್ನೊಡನೆ ಅಡಿಕೆ ರೇಟು ಮಾತಾಡುತ್ತಲೇ ಮಾಡುತ್ತಿದ್ದರು. ಅದನ್ನು ಹೇಳಿದೆ. ಮೇಷ್ಟ್ರು ಒಪ್ಪಿಕೊಂಡರು.

ನಮ್ಮ ಕಡೆಯ ಉಕ್ಕಿನ ಬಗ್ಗೆ ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕನನ್ ಇನ್ನೂರು ವರ್ಷದ ಹಿಂದೆ ಕಂಡು ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಆ ಉಕ್ಕಿನ ಗಟ್ಟಿಗಳಿಂದ ಡಮಾಸ್ಕಸ್ ಖಡ್ಗಗಳು ತಯಾರಾಗುತ್ತಿದ್ದವು. ಕಾಲಕ್ರಮದಲ್ಲಿ ಗುಟ್ಟು ಕಳೆದುಹೋಯಿತು. ಅದನ್ನು ಮತ್ತೆ ಹುಡುಕಿದವರಲ್ಲಿ ಒಬ್ಬ ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದ ಆಲ್‌ಫ್ರೆಡ್ ಪೆಂಡ್ರೆ. ಅಯೋವಾದ ಲೋಹವಿಜ್ಞಾನಿ ಜಾನ್ ವರ್‌ಹೋವನ್ ಜೊತೆ ವರ್ಷಗಟ್ಟಲೆ ಮೂಸೆ ಕಾಯಿಸಿ, ಅದಿರಿನಲ್ಲಿ ಲವಲೇಶ ಇರುವ ವೆನೇಡಿಯಂನಂಥ ಧಾತುಗಳಿಂದ ಅಲಗಿನ ಮೇಲೆ ಡಮಾಸ್ಕಸ್ ಖಡ್ಗದ ನೀರಲೆಯ ಗೆರೆ ಮೂಡುತ್ತದೆ ಎಂದು ತೋರಿಸಿದ. ಹೊಟ್ಟೆಪಾಡಿಗೆ ಲಾಳ ಕಟ್ಟಿ, ಉಳಿದ ಹೊತ್ತಿನ ಹುಚ್ಚಿನಿಂದ ಕಂಡುಕೊಂಡದ್ದು ಇದು. ಬಿಡುವು, ಒಂದಿಷ್ಟು ದುಡ್ಡು, ಸೋಲಲು ಅವಕಾಶ ಇದ್ದರೆ ಹವ್ಯಾಸಿ ಕೂಡ ಏನು ಮಾಡಬಲ್ಲ! ನಮ್ಮ ಕಮ್ಮಾರನಿಗೆ ಕೈಚಳಕ ಬಿಟ್ಟರೆ ಆ ಮೂರರಲ್ಲಿ ಒಂದೂ ಇರಲಿಲ್ಲ. ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವ ಸಾಮಾನು ಮರುವರ್ಷ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುವುದನ್ನು ನಾನು ನೋಡಿದ್ದೇನೆ.

ಮೇಷ್ಟ್ರಿಗೆ ವಯಸ್ಸಾಗಿದೆ, ಭುಜ ನೋಯುತ್ತದೆ. ಯಾವ ಸಾಮಾನು ಯಾರಿಗೆ ಎಂದು ಈಗಲೇ ಚೀಟಿ ಕಟ್ಟುತ್ತಿದ್ದಾರೆ. ಅಡಿಗಲ್ಲು ಅವರ ಹತ್ತಿರ ಕಲಿಯಲು ಬರುವ ಒಬ್ಬ ಹುಡುಗಿಗೆ. ಶೆಡ್ಡಿನ ಮೂಲೆಯಲ್ಲಿದ್ದ ಇನ್ನೊಂದು ಬ್ಲೋವರಿಗೆ ಮಾತ್ರ ಚೀಟಿ ಇರಲಿಲ್ಲ. ನಿಮ್ಮೂರ ಕಮ್ಮಾರರಿಗೆ ಬೇಕಾ, ಕೇಳಿ ನೋಡಿ ಎಂದರು. ಸಾಗಿಸುವ ಖರ್ಚಿನಲ್ಲಿ ಅಂಥ ನಾಲ್ಕು ಕೊಳ್ಳಬಹುದು ಎಂದು ಅಳಿಯ ನಕ್ಕ. ಆದರೂ ಆ ರಾತ್ರಿ ಊರಿಗೆ ಫೋನು ಮಾಡಿದೆ. ಆಚಾರಿ ಪೂರ್ತಿ ಕೇಳಿಸಿಕೊಂಡರು.

"ಕರೆಂಟಿನ ಬ್ಲೋವರು ಇದೆಯಲ್ಲ ಅಣ್ಣಾ, ಗಾಳಿಗೇನು ಕೊರತೆ ಇಲ್ಲ. ಚಮ್ಮಟಿಗೆ ಹಾಕೋಕೆ ಒಬ್ಬ ಹುಡುಗ ಬೇಕು. ಅಲ್ಲಿ ಅಷ್ಟು ಜನ ಕಲೀತಾರೆ ಅಂತೀರಿ, ಯಾರಾದ್ರೂ ಇಲ್ಲಿಗೆ ಬರ್ತಾರಾ ಕೇಳಿ."