ಹಳೆಯ ವೇಳಾಪಟ್ಟಿ
ಮ್ಯೂನಿಚ್ ಒಲಿಂಪಿಕ್ಸ್‌ನಲ್ಲಿ ಇಬ್ಬರು ಓಟಗಾರರು ಓಡದೆಯೇ ಸೋತ ಕಥೆ

ನೂರು ಮೀಟರ್ ಓಟ ಮುಗಿಯಲು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡುಗಳಿಗಾಗಿ ಓಟಗಾರ ವರ್ಷಗಟ್ಟಲೆ ಬೆವರು ಸುರಿಸಿರುತ್ತಾನೆ. ಸ್ನಾಯು ಸೆಳೆತ, ಕಾಲುನೋವು, ಗೆಳೆಯರೊಡನೆ ಕಳೆಯಲಾಗದೆ ಹೋದ ಸಂಜೆಗಳು, ಎಲ್ಲವೂ ಆ ಒಂದು ಕ್ಷಣದ ಲೆಕ್ಕಕ್ಕೇ ಜಮೆ. ಆದರೆ ಓಟಗಾರನನ್ನು ಓಟದ ಗೆರೆಯವರೆಗೆ ತಂದು ನಿಲ್ಲಿಸುವವರು ಬೇರೆ ಕೆಲವರಿದ್ದಾರೆ. ತಂಡದ ವ್ಯವಸ್ಥಾಪಕರು, ತರಬೇತುದಾರರು ಇವರು. ಯಾವ ಹೊತ್ತಿಗೆ ಊಟ, ಯಾವ ಹೊತ್ತಿಗೆ ಬಸ್ಸು, ಯಾವ ಹೊತ್ತಿಗೆ ಪಂದ್ಯ ಎಂಬುದನ್ನು ನೋಡಿಕೊಳ್ಳುವುದು ಇವರ ಪಾಲಿನ ಕೆಲಸ. ಈ ಕೆಲಸ ಸರಿಯಾಗಿ ನಡೆದರೆ ಅದು ನಡೆದುದೇ ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಪದಕವೂ ಇಲ್ಲ, ಚಪ್ಪಾಳೆಯೂ ಇಲ್ಲ. ಒಮ್ಮೆ ತಪ್ಪಿತೆಂದರೆ ಮಾತ್ರ ಲೋಕವೆಲ್ಲ ಅತ್ತ ತಿರುಗಿ ನೋಡುತ್ತದೆ.

1972ರ ಆಗಸ್ಟ್ 31ರಂದು ಅಮೆರಿಕದ ಸ್ಟ್ಯಾನ್ ರೈಟ್ ಅವರ ಪಾಲಿಗೆ ಬಂದುದು ಅಂಥ ದಿನ.

ಅನುಭವಿಯ ಕೈ

ರೈಟ್ ಅವರು ಹೊಸಬರೇನೂ ಆಗಿರಲಿಲ್ಲ. ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಓಟಗಾರರನ್ನು ತಯಾರಿಸಿದ ನೀಗ್ರೋ ಜನಾಂಗದ ಹಿರಿಯ ಶಿಕ್ಷಕರು ಅವರು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟವನ್ನು 9.95 ಸೆಕೆಂಡುಗಳಲ್ಲಿ ಗೆದ್ದ ಜಿಮ್ ಹೈನ್ಸ್ ಅವರ ಕೈಯಲ್ಲೇ ಪಳಗಿದವನು. ಅದೇ ಕ್ರೀಡೆಗಳಲ್ಲಿ ಅಮೆರಿಕದ ವೇಗದ ಓಟಗಾರರ ಹೊಣೆ ಹೊತ್ತಿದ್ದವರೂ ಅವರೇ. ಅಂದು 200 ಮೀಟರ್ ಓಟವನ್ನು ಟಾಮಿ ಸ್ಮಿತ್, 400 ಮೀಟರ್ ಓಟವನ್ನು ಲೀ ಇವಾನ್ಸ್ ಗೆದ್ದಿದ್ದರು. ಇಂಥ ಕೀರ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ರೈಟ್ ಅವರು ನಾಲ್ಕು ವರ್ಷಗಳ ಬಳಿಕ ಜರ್ಮನಿಯ ಮ್ಯೂನಿಚ್ ನಗರಕ್ಕೆ ಬಂದಿಳಿದರು.

ಅವರ ಸುಪರ್ದಿಗೆ ಬಂದಿದ್ದ ಮೂವರು ತರುಣರೂ ಸಾಮಾನ್ಯರಲ್ಲ. ಎಡ್ಡಿ ಹಾರ್ಟ್ ಮತ್ತು ರೇ ರಾಬಿನ್ಸನ್ ಅದೇ ವರ್ಷದ ಜುಲೈನಲ್ಲಿ ಯೂಜೀನ್ ನಗರದ ಆಯ್ಕೆಯ ಪಂದ್ಯದಲ್ಲಿ 9.9 ಸೆಕೆಂಡುಗಳಲ್ಲಿ ಓಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದ್ದರು. ಮೂರನೆಯವನಾಗಿ ಬಂದ ರಾಬರ್ಟ್ ಟೇಲರ್ ಕೂಡ ಅವರಿಗಿಂತ ಬಹಳ ಹಿಂದೆ ಇದ್ದವನಲ್ಲ. ರಾಬಿನ್ಸನ್ನನಿಗೆ ಆಗಿನ್ನೂ ಇಪ್ಪತ್ತು ವರ್ಷ. ಸೋವಿಯತ್ ರಷ್ಯದ ವಲೇರಿ ಬೋರ್ಜೊವ್‌ನನ್ನು ಎದುರಿಸಬಲ್ಲವರು ಇವರೇ ಎಂದು ಕ್ರೀಡಾಪ್ರೇಮಿಗಳು ಎಣಿಸಿದ್ದರು.

ಬೆಳಗಿನ ಸುತ್ತಿನಲ್ಲಿ ಮೂವರೂ ಸಲೀಸಾಗಿ ತೇರ್ಗಡೆಯಾದರು. ಎರಡನೆಯ ಸುತ್ತು ಅದೇ ದಿನ ಮಧ್ಯಾಹ್ನ. ತಮ್ಮ ಬಳಿಯಿದ್ದ ವೇಳಾಪಟ್ಟಿಯನ್ನು ನಂಬಿದ ರೈಟ್ ಅವರು ಓಟ ಸಂಜೆ 7 ಗಂಟೆಗೆ ಎಂದು ಹುಡುಗರಿಗೆ ತಿಳಿಸಿದರು. ಮೂವರೂ ಕ್ರೀಡಾಗ್ರಾಮಕ್ಕೆ ಹೋಗಿ ವಿಶ್ರಮಿಸಿಕೊಂಡರು. ಆದರೆ ಆ ವೇಳಾಪಟ್ಟಿ ಸುಮಾರು ಒಂದೂವರೆ ವರ್ಷದಷ್ಟು ಹಳೆಯದು. ನಡುವೆ ಅದು ಬದಲಾಗಿದ್ದಿತು. ಓಟದ ನಿಜವಾದ ಸಮಯ ಸಂಜೆ 4-15.

ಪರದೆಯ ಮೇಲೆ ಕಂಡದ್ದು

ಕ್ರೀಡಾಂಗಣಕ್ಕೆ ಹೋಗುವ ಬಸ್ಸಿಗಾಗಿ ಕಾಯುತ್ತ ನಿಂತಿದ್ದ ಈ ಗುಂಪು, ಹೊತ್ತು ಕಳೆಯಲೆಂದು ಹತ್ತಿರದಲ್ಲೇ ಇದ್ದ ಅಮೆರಿಕದ ಎ.ಬಿ.ಸಿ. ಟೆಲಿವಿಷನ್ ಸಂಸ್ಥೆಯ ಕಚೇರಿಯೊಳಕ್ಕೆ ಹೆಜ್ಜೆಯಿಟ್ಟಿತು. ಅಲ್ಲಿ ಪರದೆಯ ಮೇಲೆ 100 ಮೀಟರ್ ಓಟಗಾರರು ಸಾಲಾಗಿ ನಿಲ್ಲುತ್ತಿದ್ದರು. ಬೆಳಗಿನ ಓಟವನ್ನೇ ಮತ್ತೆ ತೋರಿಸುತ್ತಿದ್ದಾರೆಂದು ಹುಡುಗರು ಮೊದಲು ಭಾವಿಸಿದರು. ಅಲ್ಲ, ಇದು ಈ ಕ್ಷಣದಲ್ಲಿ ನಡೆಯುತ್ತಿರುವ ಓಟ ಎಂಬ ಉತ್ತರ ಬಂದಾಗ ಅವರ ಎದೆ ಧಸಕ್ಕೆಂದಿತು.

ಮುಂದಿನ ಕೆಲವು ನಿಮಿಷಗಳ ಧಾವಂತವನ್ನು ಊಹಿಸಿಕೊಳ್ಳಬಹುದು. ಟೆಲಿವಿಷನ್ ಸಂಸ್ಥೆಯ ಕಾರೊಂದು ಅವರನ್ನು ಹೇರಿಕೊಂಡು ಕ್ರೀಡಾಂಗಣದತ್ತ ಧಾವಿಸಿತು. ಡೇರೆಯಂತೆ ಹರಡಿದ ಚಾವಣಿಯ ಆ ಭವ್ಯ ಕ್ರೀಡಾಂಗಣವನ್ನು ಅವರು ತಲಪುವಷ್ಟರಲ್ಲಿ ರಾಬಿನ್ಸನ್ನನ ಓಟ ಮುಗಿದಿತ್ತು. ಹಾರ್ಟನ ಓಟವೂ ಮುಗಿದಿತ್ತು. ಟೇಲರನೊಬ್ಬನೇ ಮೇಲುಡುಪನ್ನು ಕಿತ್ತೆಸೆದು, ಕೈಕಾಲು ಒಂದೆರಡು ಬಾರಿ ಚಾಚಿ, ತನ್ನ ಸಾಲಿನಲ್ಲಿ ಹೋಗಿ ನಿಂತ, ಓಡಿದ, ಬೋರ್ಜೊವ್‌ನ ಹಿಂದೆ ಎರಡನೆಯವನಾಗಿ ಮುಂದಿನ ಸುತ್ತಿಗೂ ಸಂದ. ಉಳಿದಿಬ್ಬರನ್ನು ಮತ್ತೆ ಸೇರಿಸಿಕೊಳ್ಳಬೇಕೆಂಬ ಮನವಿ ತಿರಸ್ಕೃತವಾಯಿತು.

ಮರುದಿನದ ಅಂತಿಮ ಓಟದಲ್ಲಿ ಬೋರ್ಜೊವ್ 10.14 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಸ್ವರ್ಣಪದಕ ಪಡೆದ. ಟೇಲರನಿಗೆ 10.24 ಸೆಕೆಂಡುಗಳಲ್ಲಿ ರಜತ. ಬೋರ್ಜೊವ್ ಮಹಾ ಓಟಗಾರನೆಂಬುದರಲ್ಲಿ ಸಂದೇಹವಿಲ್ಲ. 200 ಮೀಟರ್ ಸ್ವರ್ಣವನ್ನೂ ಅವನೇ ಗೆದ್ದುಕೊಂಡ. ಆದರೂ ಆ ಇಬ್ಬರು ಓಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿದುಹೋಯಿತು. ಸೋತವನಿಗೆ ಸೋಲೆಂಬುದೊಂದು ಉತ್ತರವಾದರೂ ಸಿಗುತ್ತದೆ. ಓಡದವನಿಗೆ ಅದೂ ಇಲ್ಲ.

ತಪ್ಪೊಪ್ಪಿಗೆ

ಇಂಥ ಹೊತ್ತಿನಲ್ಲಿ ಮನುಷ್ಯನ ಮೊದಲ ಚಪಲವೆಂದರೆ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ರೈಟ್ ಅವರಿಗೆ ಕಾರಣಗಳಿಗೇನೂ ಕೊರತೆಯಿರಲಿಲ್ಲ. ನೂರಾರು ಕ್ರೀಡಾಪಟುಗಳ ಆ ದೊಡ್ಡ ತಂಡದಲ್ಲಿ ಅಧಿಕಾರಿಗಳಿದ್ದರು, ವ್ಯವಸ್ಥಾಪಕರಿದ್ದರು. ತಿದ್ದಿದ ವೇಳಾಪಟ್ಟಿ ತರಬೇತುದಾರರೆಲ್ಲರ ಕೈಸೇರಿದೆಯೇ ಎಂದು ನೋಡಬೇಕಾದವರು ಅವರಲ್ಲೂ ಇರಲಿಲ್ಲವೇ? ಬೆಳಗ್ಗೆ ಕ್ರೀಡಾಂಗಣಕ್ಕೆ ಹೋಗಿಬಂದ ಅಷ್ಟು ಜನರಲ್ಲಿ ಒಬ್ಬರ ಕಿವಿಗಾದರೂ ಸರಿಯಾದ ಸಮಯ ಬೀಳಲಿಲ್ಲವೇ? ಇವು ಅಸಂಗತವಾದ ಪ್ರಶ್ನೆಗಳಲ್ಲ.

ಆದರೆ ಹೋವರ್ಡ್ ಕೋಸೆಲ್ ಎಂಬ ಖ್ಯಾತ ವೀಕ್ಷಕ ವಿವರಣೆಗಾರ, ಮೊನಚು ಮಾತಿಗೆ ಹೆಸರಾದವನು, ಟೆಲಿವಿಷನ್ನಿನಲ್ಲಿ ಅವರನ್ನು ಕೆಣಕಿ ಕೇಳಿದಾಗ ರೈಟ್ ಅವರು ಯಾರ ಹೆಸರನ್ನೂ ಎತ್ತಲಿಲ್ಲ. ಹೊಣೆ ತಮ್ಮದೆಂದು ಒಪ್ಪಿಕೊಂಡರು. ಕೋಟ್ಯಂತರ ಜನರೆದುರು, ಆ ಹುಡುಗರ ತಾಯಿತಂದೆಯರೆದುರು, ಅವರು ಹಾಗೆ ತಲೆತಗ್ಗಿಸಿ ನಿಂತರು.

ತಪ್ಪೊಪ್ಪಿಗೆಯಿಂದ ಓಟ ಮರಳಿ ಬರುವುದಿಲ್ಲ. ರಾಬಿನ್ಸನ್ನನ ಸಿಟ್ಟು ನ್ಯಾಯವಾದದ್ದೇ ಆಗಿತ್ತು: ತರಬೇತುದಾರನಾದವನು ನಾಳೆಯೂ ತರಬೇತುದಾರನಾಗಿಯೇ ಇರುತ್ತಾನೆ, ತಾನು ನೋವುಂಡು ಸವೆಸಿದ ವರ್ಷಗಳನ್ನು ಮರಳಿ ಕೊಡುವವರಾರು ಎಂಬುದು ಅವನ ದುಃಖದ ಸಾರ. ಹಿರಿಯರಾದವರು ಕ್ಷಮೆ ಕೇಳಿದ ಮಾತ್ರಕ್ಕೆ ಕಿರಿಯರ ನಷ್ಟ ತುಂಬಿಬಿಡುತ್ತದೆ ಎಂದು ಯಾರೂ ತಿಳಿಯಬಾರದು.

ಇದಾದ ಐದೇ ದಿನಗಳಲ್ಲಿ, ಸೆಪ್ಟೆಂಬರ್ 5ರಂದು, ಭಯೋತ್ಪಾದಕರು ಕ್ರೀಡಾಗ್ರಾಮಕ್ಕೆ ನುಗ್ಗಿದರು. ಇಸ್ರೇಲಿ ತಂಡದ ಹನ್ನೊಂದು ಮಂದಿ ಪ್ರಾಣ ತೆತ್ತರು. ಅಷ್ಟು ರಕ್ತ ಹರಿದ ಮೇಲೆ ತಪ್ಪಿಹೋದ ಓಟವೊಂದು ದೊಡ್ಡ ಸುದ್ದಿಯಾಗಿ ಉಳಿಯಲಿಲ್ಲ.

ಉಳಿದ ಲೆಕ್ಕ

ಕ್ರೀಡೆಗಳು ಮತ್ತೆ ಆರಂಭವಾದ ಮೇಲೆ, ಸೆಪ್ಟೆಂಬರ್ 10ರಂದು ನಾಲ್ವರ 100 ಮೀಟರ್ ರಿಲೇ ಓಟ ನಡೆಯಿತು. ಲ್ಯಾರಿ ಬ್ಲ್ಯಾಕ್, ಟೇಲರ್, ಜೆರಾಲ್ಡ್ ಟಿಂಕರ್ ಇವರ ಕೈದಾಟಿ ಬಂದ ಕೋಲನ್ನು ಕೊನೆಯ ಹಂತದಲ್ಲಿ ಹಿಡಿದವನು ಎಡ್ಡಿ ಹಾರ್ಟ್. ಪಕ್ಕದಲ್ಲಿ ರಷ್ಯದ ಪರವಾಗಿ ಕೊನೆಯ ಹಂತ ಓಡಿದವನು ಅದೇ ಬೋರ್ಜೊವ್! ಹಾರ್ಟ್ ಮುಂಚೂಣಿಯನ್ನು ಬಿಟ್ಟುಕೊಡಲಿಲ್ಲ. 38.19 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಅಮೆರಿಕ ಗೆದ್ದಿತು. ಹಾರ್ಟನ ಕೊರಳಿಗೆ ಕಡೆಗೂ ಒಂದು ಸ್ವರ್ಣಪದಕ ಬಂದಿತು.

ರಾಬಿನ್ಸನ್ನನಿಗೆ ರಿಲೇಯಲ್ಲಿ ಸ್ಥಾನವಿರಲಿಲ್ಲ. ಅವನು ಬರಿಗೈಯಲ್ಲಿ ಊರಿಗೆ ಮರಳಿದ.

ರೈಟ್ ಅವರ ಮುಂದಿನ ಬಾಳಿನಲ್ಲಿ ಗೌರವಗಳು ಬರದೆ ಇರಲಿಲ್ಲ. 1993ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಕೀರ್ತಿಶಾಲೆಯಲ್ಲಿ ಅವರಿಗೆ ಸ್ಥಾನ ದೊರೆಯಿತು. 1998ರಲ್ಲಿ ಅವರು ತೀರಿಕೊಂಡರು. ಒಳಗಿನವರೇ ಒಳಗಿನವರನ್ನು ಬೆಳೆಸುತ್ತಿದ್ದ ಕ್ರೀಡಾಲೋಕದಲ್ಲಿ ಕರಿಯ ತರಬೇತುದಾರನೊಬ್ಬ ನಲವತ್ತು ವರ್ಷ ದಾರಿ ಮಾಡಿಕೊಂಡ ಕಥೆ ಅವರ ನಿಧನಾನಂತರ, 2005ರಲ್ಲಿ ಪುಸ್ತಕವಾಗಿ ಬಂದಿತು. ಹಾರ್ಟನ ನೆನಪುಗಳ ಪುಸ್ತಕ 2017ರಲ್ಲಿ ಪ್ರಕಟವಾಯಿತು. ಸ್ವರ್ಣದ ಕನಸನ್ನೇ ಕಳೆದ ಶಿಕ್ಷಕನ ಮೇಲೆ ಹಾರ್ಟ್ ಹಗೆ ಸಾಧಿಸಲಿಲ್ಲವೆಂಬುದು ಈ ಕಥೆಯ ಸಮಾಧಾನದ ಸಂಗತಿ. ಆದರೆ ನಲವತ್ತು ವರ್ಷಗಳ ದುಡಿಮೆಯಲ್ಲಿ ರೈಟ್ ಅವರು ಸರಿಯಾದ ಹೊತ್ತಿಗೆ ಗೆರೆಯ ಬಳಿ ನಿಲ್ಲಿಸಿದ ನೂರಾರು ಹುಡುಗರನ್ನು ಲೋಕ ನೆನೆಯುವುದಿಲ್ಲ. ನಿಲ್ಲಿಸಲಾಗದೆ ಹೋದ ಇಬ್ಬರನ್ನು ಮರೆಯುವುದೂ ಇಲ್ಲ.

ಮಕ್ಕಳನ್ನು ಪರೀಕ್ಷೆಗೆ ಕಳುಹಿಸುವ ತಂದೆತಾಯಿಯರು, ರಾತ್ರಿಯೇ ಪ್ರವೇಶಪತ್ರವನ್ನು ಇನ್ನೊಮ್ಮೆ ತೆಗೆದು ದಿನಾಂಕ, ಗಂಟೆಗಳನ್ನು ನೋಡುತ್ತಾರೆ. ನಿನ್ನೆಯೇ ನೋಡಿಯಾಗಿದೆಯಲ್ಲ ಎಂದು ಮಕ್ಕಳು ನಗುತ್ತಾರೆ. ಮ್ಯೂನಿಚ್‌ನ ಆ ಮಧ್ಯಾಹ್ನವನ್ನು ನೆನೆದರೆ ಆ ನಗೆ ತುಸು ತಗ್ಗೀತು. ಪರರ ಶ್ರಮದ ಹೊಣೆ ಹೊತ್ತವನಿಗೆ, ಒಮ್ಮೆ ನೋಡಿದ ಕಾಗದವನ್ನು ಮತ್ತೊಮ್ಮೆ ನೋಡುವುದು ಅನುಮಾನದ ಲಕ್ಷಣವಲ್ಲ, ಕರ್ತವ್ಯ.