ಕೌದಿಯ ಗೆರೆ: ಅಳಿಯುವುದೊ, ಅಡಗುವುದೊ?

ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವ ಹಿರಿಯರ ಬಳಿ ಸೂಜಿ, ದಾರ, ಕತ್ತರಿಗಳನ್ನು ಕಾಣುತ್ತೇವೆಯೇ ಹೊರತು ಬಟ್ಟೆಯ ಮೇಲೆ ಗೆರೆ ಎಳೆಯುವ ಸಾಧನವನ್ನು ಕಾಣುವುದು ಅಪರೂಪ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಆರಂಭಿಸಿ, ಹಿಂದಿನ ಹೊಲಿಗೆಯ ಸಾಲನ್ನೇ ಮುಂದಿನ ಸಾಲಿಗೆ ಆಧಾರವಾಗಿಟ್ಟುಕೊಂಡು ಅವರು ನಡುವಿನವರೆಗೆ ಸಾಗುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರ ಕೌದಿಯ ಕ್ರಮವೂ ಇದೇ. ಧಾರವಾಡದ ಕಡೆಯ ಕಸೂತಿಯಲ್ಲಂತೂ ಬಟ್ಟೆಯ ಎಳೆಗಳನ್ನು ಎಣಿಸುತ್ತ ಹೋಗುತ್ತಾರೆ. ಬೇರೆ ಗೆರೆಯೇ ಬೇಡ.

ಆದರೆ ತುಂಡುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ ಜೋಡಿಸಬೇಕಾದಾಗ, ಅಥವಾ ಹೂಬಳ್ಳಿಯೊಂದನ್ನು ಹೊಲಿಗೆಯಲ್ಲಿ ಮೂಡಿಸಬೇಕಾದಾಗ, ಕಣ್ಣಂದಾಜು ಸಾಲದು. ಒಂದು ಸಾಲಿನಲ್ಲಿ ಹನ್ನೆರಡು ತುಂಡುಗಳಿವೆಯೆಂದು ಭಾವಿಸೋಣ. ಗೆರೆ ದಪ್ಪವಾಗಿದ್ದ ಕಾರಣ ಒಂದೊಂದು ತುಂಡೂ ಒಂದು ಮಿಲಿಮೀಟರಿನಷ್ಟು ಹೆಚ್ಚಾದರೆ ಸಾಲಿನ ತುದಿಯಲ್ಲಿ ತಪ್ಪು 12 ಮಿಲಿಮೀಟರಾಗುತ್ತದೆ; ಪಕ್ಕದ ಸಾಲಿನೊಡನೆ ಅದು ಕೂಡುವುದೇ ಇಲ್ಲ. ಆದುದರಿಂದ ಗೆರೆಯು ಸಣ್ಣಗಿರಬೇಕು, ಹೊಲಿಗೆ ಮುಗಿಯುವ ತನಕ ಕೈಯ ತಿಕ್ಕಾಟವನ್ನು ತಾಳಬೇಕು, ಅನಂತರ ಸುಳಿವಿಲ್ಲದೆ ಹೋಗಬೇಕು. ಈ ಕೊನೆಯ ಎರಡು ಗುಣಗಳು ಪರಸ್ಪರ ವಿರುದ್ಧವಾದವು. ತೊಡಕೆಲ್ಲ ಇಲ್ಲಿಯೇ ಇದೆ.

ದರ್ಜಿಯ ಸೀಮೆಸುಣ್ಣವನ್ನು ಮೊದಲು ನೋಡೋಣ. ಇದು ಬಟ್ಟೆಗೆ ಬಣ್ಣ ಹಚ್ಚುವುದಿಲ್ಲ. ಇದರ ನುಣುಪಾದ ಕಣಗಳು ನೂಲಿನೆಳೆಗಳ ಸಂದಿನಲ್ಲಿ ಘರ್ಷಣೆಯಿಂದ ನಿಂತಿರುತ್ತವೆ, ಅಷ್ಟೆ. ಕೊಡವಿದರೆ ಉದುರುತ್ತವೆ. ಕೆಲಸ ಮುಗಿಯುವ ಮೊದಲೇ ಉದುರುವುದು ಇದರ ದೋಷ. ಬಣ್ಣದ ಸೀಮೆಸುಣ್ಣದಲ್ಲಿ ರಂಗೂ ಬೆರೆತಿರುವುದರಿಂದ ಕೆಂಪು, ಹಳದಿಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಮೇಣ ಬೆರೆಸಿದ ಬಿಲ್ಲೆಗಳೂ ಸಿಗುತ್ತವೆ. ಅವುಗಳ ಗೆರೆಯ ಮೇಲೆ ಇಸ್ತ್ರಿ ಆಡಿಸಿದರೆ ಮೇಣ ಕರಗಿ ಎಳೆಗಳೊಳಗೆ ಇಳಿದು ಜಿಡ್ಡಿನ ಕಲೆ ಉಳಿಯಬಹುದು. ಸೀಸದ ಕಡ್ಡಿಯ ಗೆರೆ ಸಣ್ಣದೇನೋ ಹೌದು. ಆದರೆ ಅದರಲ್ಲಿರುವುದು ಸೀಸವಲ್ಲ, ಗ್ರಾಫೈಟು. ಅದು ನೀರಿನಲ್ಲಿ ಕರಗುವ ವಸ್ತುವಲ್ಲವಾದ ಕಾರಣ, ಒತ್ತಿ ಎಳೆದ ಗೆರೆ ಎಷ್ಟು ಒಗೆತ ಕಂಡರೂ ಬೂದುಬಣ್ಣವಾಗಿ ಉಳಿಯುವುದುಂಟು.

ಈಗ ಅಂಗಡಿಗಳಲ್ಲಿ ದೊರೆಯುವ ‘ಮಾಯವಾಗುವ’ ಪೆನ್ನುಗಳಿಗೆ ಬರೋಣ. ಗಾಳಿಗೆ ತಾನಾಗಿ ಮಾಸುವ ಮಸಿಗಳಲ್ಲಿ ಥೈಮಾಲ್‌ಥಾಲೀನಿನಂಥ ಸೂಚಕವಿರುತ್ತದೆ. ಕ್ಷಾರದಲ್ಲಿ ಅದು ನೀಲಿ, ಕ್ಷಾರ ಕುಗ್ಗಿದರೆ ವರ್ಣರಹಿತ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಗೆರೆಯ ತೇವದಲ್ಲಿ ಕರಗಿ ದುರ್ಬಲವಾದ ಆಮ್ಲವಾಗಿ ಕ್ಷಾರವನ್ನು ತಟಸ್ಥಗೊಳಿಸುತ್ತದೆ, ಬಣ್ಣ ಅಡಗುತ್ತದೆ. ಅಡಗುತ್ತದೆ ಎಂದೆನೇ ಹೊರತು ಹೋಗುತ್ತದೆ ಎನ್ನಲಿಲ್ಲ. ಸೂಚಕವು ಬಟ್ಟೆಯಲ್ಲಿಯೇ ಇದೆ. ಅಲ್ಲಿಗೆ ವಾಷಿಂಗ್ ಸೋಡದ ನೀರನ್ನು ಮುಟ್ಟಿಸಿದರೆ ಗೆರೆ ಮರಳಿ ತಲೆಯೆತ್ತಬಹುದು. ನೀರಿಗೆ ಅಳಿಯುವ ನೀಲಿ ಪೆನ್ನಿನ ವಿಷಯದಲ್ಲಿ ಬೇರೊಂದು ಅಪಾಯ. ತೊಳೆಯುವ ಮುನ್ನ ಅದಕ್ಕೆ ಬಿಸಿ ತಗಲಿದರೆ ಕಲೆ ಕಚ್ಚಿಕೊಳ್ಳಬಹುದು. ನೀರು ಚಿಮುಕಿಸಿ ಸುಮ್ಮನಾದರೆ ಬಣ್ಣ ಒಳಪದರಕ್ಕೆ ಇಳಿದು, ಒಣಗುವಾಗ ಮತ್ತೆ ಮೇಲಕ್ಕೆ ಬರಬಹುದು. ತಣ್ಣೀರಿನಲ್ಲಿ ಇಡೀ ಕೌದಿಯನ್ನು ಮುಳುಗಿಸಿ ಜಾಲಿಸುವುದೇ ಸರಿಯಾದ ಮಾರ್ಗ.

ಎಲ್ಲಕ್ಕಿಂತ ವಿಚಿತ್ರವಾದುದು ಇಸ್ತ್ರಿಯ ಶಾಖಕ್ಕೆ ಮಾಯವಾಗುವ ಮಸಿ. ಅದರ ಕಥೆಯನ್ನು ನಾನು ಸ್ವಂತ ಅನುಭವದಿಂದಲೇ ಹೇಳಬೇಕು. ಧಾರವಾಡದಲ್ಲಿರುವ ನನ್ನ ಸೋದರತ್ತೆ, ಅಮೆರಿಕದ ಮಿನೆಸೋಟದಲ್ಲಿ ಹುಟ್ಟಿದ ಮೊಮ್ಮಗಳಿಗಾಗಿ ತಮ್ಮ ಅತ್ತೆಯ ಇಳಕಲ್ ಸೀರೆಗಳಿಂದ ಕೌದಿಯೊಂದನ್ನು ಹೊಲಿಯುತ್ತಿದ್ದರು. ಹೂವಿನ ಗೆರೆಗಳಿಗಾಗಿ ಈ ಪೆನ್ನನ್ನು ತಂದುಕೊಟ್ಟವನು ನಾನೇ. ಇಸ್ತ್ರಿ ಆಡಿಸಿದೊಡನೆ ಗೆರೆಗಳೆಲ್ಲ ಮಾಯವಾದುವು. “ಓದಿದ್ದಕ್ಕ ಒಂದು ಉಪಯೋಗ ಆತಲ್ಲೋ!” ಎಂದರು ಅತ್ತೆ. ಜನವರಿಯಲ್ಲಿ ಕಟ್ಟು ಅಲ್ಲಿಗೆ ಮುಟ್ಟಿ, ಒಂದು ರಾತ್ರಿ ಬಾಗಿಲ ಹೊರಗೆ ಹಿಮದಲ್ಲಿ ಬಿದ್ದಿತ್ತು. ಬೆಳಗ್ಗೆ ಬಿಚ್ಚಿದರೆ ಗೆರೆಗಳೆಲ್ಲ ಕಪ್ಪಗೆ ಹಾಜರು! ಸೊಸೆ ಕಳುಹಿಸಿದ ಫೋಟೋವನ್ನು ನೋಡಿ ಅತ್ತೆ ಮಾತನಾಡಲಿಲ್ಲ. ಆರು ತಿಂಗಳ ದುಡಿಮೆ; ಆ ಸೀರೆಗಳು ಮತ್ತೆ ಸಿಗುವಂಥವೂ ಅಲ್ಲ.

ಇದಕ್ಕೆ ಕಾರಣವೇನು? ಈ ಮಸಿಯಲ್ಲಿ ಅತಿ ಸೂಕ್ಷ್ಮವಾದ ಕೋಶಗಳಿವೆ. ಒಂದೊಂದು ಕೋಶದೊಳಗೂ ವರ್ಣದ್ರವ್ಯ, ಅದಕ್ಕೆ ಬಣ್ಣ ಬರಿಸುವ ಜೊತೆಗಾರ, ಇವೆರಡರ ಕೂಟವನ್ನು ತಾಪಕ್ಕೆ ಅನುಸಾರವಾಗಿ ನಿಯಂತ್ರಿಸುವ ಮೂರನೆಯ ವಸ್ತು ಇವೆ. ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೂರನೆಯದು ಕರಗಿ ಮೊದಲೆರಡನ್ನು ಬೇರ್ಪಡಿಸುತ್ತದೆ, ಬಣ್ಣ ಹೋಗುತ್ತದೆ. ಹಾಗಾದರೆ 59 ಡಿಗ್ರಿಗೆ ಇಳಿದಾಗ ಬಣ್ಣ ಮರಳಬೇಕಲ್ಲವೆ? ಮರಳುವುದಿಲ್ಲ. ಕಬ್ಬಿಣದ ತುಂಡನ್ನು ವಿದ್ಯುತ್ಪ್ರವಾಹದಿಂದ ಕಾಂತವಾಗಿಸಿ, ಪ್ರವಾಹವನ್ನು ನಿಲ್ಲಿಸಿದರೂ ಅದರಲ್ಲಿ ಕಾಂತತ್ವ ಒಂದಿಷ್ಟು ಉಳಿಯುವುದನ್ನು ಪ್ರಯೋಗಶಾಲೆಯಲ್ಲಿ ನೋಡಿದ್ದೇವೆ. ಹೋದ ದಾರಿ ಬೇರೆ, ಬಂದ ದಾರಿ ಬೇರೆ. ಈ ಮಸಿಯೂ ಹಾಗೆಯೇ. ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗೆ ಇಳಿದಾಗ ಬಣ್ಣ ಮರಳಲು ತೊಡಗಿ, ಇಪ್ಪತ್ತು ಡಿಗ್ರಿ ಕೆಳಗಾಗುವಷ್ಟರಲ್ಲಿ ಪೂರ್ಣವಾಗುತ್ತದೆ. ಧಾರವಾಡದ ಚಳಿ ಅಷ್ಟು ಇಳಿಯುವುದಿಲ್ಲ, ಮಿನೆಸೋಟದ್ದು ಇಳಿಯುತ್ತದೆ. ಇಂಥ ಪೆನ್ನನ್ನು ಪರೀಕ್ಷಿಸಬೇಕೆನ್ನುವವರು ಅದೇ ಬಟ್ಟೆಯ ಚೂರಿನ ಮೇಲೆ ಗೆರೆ ಎಳೆದು, ಇಸ್ತ್ರಿ ಮಾಡಿ, ಒಂದು ರಾತ್ರಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟು ನೋಡಬಹುದು.

ಬಣ್ಣವನ್ನೇ ಬಳಸದ ಗೆರೆಯೂ ಒಂದುಂಟು. ಜಪಾನಿನಲ್ಲಿ ‘ಹೆರಾ’ ಎಂಬ ಮೊಂಡು ಅಲಗಿನ ಸಾಧನದಿಂದ ಬಟ್ಟೆಯನ್ನು ಒತ್ತಿ ಮಡಿಕೆಯ ಗುರುತು ಮೂಡಿಸುತ್ತಾರೆ. ನಮ್ಮಲ್ಲಿ ಚಮಚದ ಹಿಡಿಯೂ ಆದೀತು. ಹತ್ತಿಯ ಸೆಲ್ಯುಲೋಸಿನ ಅಣುಗಳ ನಡುವಣ ಜಲಜನಕದ ಬಂಧಗಳು ಒತ್ತಿದ ಸ್ಥಿತಿಯಲ್ಲಿಯೇ ಮತ್ತೆ ಬೆಸೆದುಕೊಳ್ಳುವುದರಿಂದ ಗೆರೆ ನಿಲ್ಲುತ್ತದೆ. ನೀರು ಸೋಕಿದರೆ ಆ ಬಂಧಗಳು ಸಡಿಲುತ್ತವೆ. ಪಾಲಿಯೆಸ್ಟರಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯದು.

ಕಪ್ಪು, ಕಡುಗೆಂಪು ಬಟ್ಟೆಗೆ ಮಾತ್ರ ಒತ್ತಿದ ಗೆರೆ ಸಾಲದು, ಕಣ್ಣಿಗೆ ಸರಿಯಾಗಿ ಕಾಣಿಸುವುದಿಲ್ಲ. ಅಲ್ಲಿ ನನ್ನ ಆಯ್ಕೆ, ತೆಳ್ಳಗೆ ಸವೆದು ಒಣಗಿದ ಬಿಳಿಯ ಸೋಪಿನ ಚೂರು. ಗೆರೆ ಸಣ್ಣಗೆ ಬರುತ್ತದೆ, ಸೀಮೆಸುಣ್ಣಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ನೀರಿನಲ್ಲಿ ನಿಜವಾಗಿಯೇ ಕರಗಿ ಹೊರಟುಹೋಗುತ್ತದೆ. ಎಣ್ಣೆಯಂಶ, ಬಣ್ಣ ಸೇರಿಸಿದ ಮೈಸೋಪು ಬೇಡ.

ಮಿನೆಸೋಟದ ಕೌದಿಗೆ ಮತ್ತೆ ಇಸ್ತ್ರಿ ಆಡಿಸಿದರು, ಗೆರೆಗಳು ಅಡಗಿದುವು. ಈಗ ಅದನ್ನು ಚಳಿಗಾಲದಲ್ಲಿ ಹೊರಗೆ ಒಯ್ಯುವುದಿಲ್ಲವಂತೆ. ಅತ್ತೆ ಎರಡನೆಯ ಕೌದಿಯನ್ನು ಹಿಡಿದಿದ್ದಾರೆ. ನಾನು ಕೊಟ್ಟ ಪೆನ್ನು ಹಾಲಿನ ಲೆಕ್ಕ ಬರೆಯುವುದಕ್ಕೆ ಅಡುಗೆಮನೆಯ ಗೂಡು ಸೇರಿದೆ. ಹೊಲಿಗೆಯ ಡಬ್ಬಿಯಲ್ಲಿ ಸೋಪಿನ ಚೂರುಗಳಿವೆ.