ಮೊಬೈಲ್ ಕೈಯಲ್ಲಿದ್ದವರೆಲ್ಲ ಕಲಾವಿದರೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಶಾಲೆಗಳಿಗೆ ಚಿತ್ರಕಲೆ ಹೇಳಿಕೊಡಲು ಹೋದಾಗ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ: "ಸರ್, ಮೊಬೈಲ್‌ದಾಗ ತೆಗೆದ ಫೋಟೋನೂ ಕಲಾ ಅಂತಾರೇನ್ರಿ?" ಅವರ ಮನೆಯ ಮುತ್ಯಾಗಳ ಮಾತೇ ಬೇರೆ: "ಬೆರಳು ಒತ್ತಿದ್ರ ಫೋಟೋ ಬರ್ತದ. ಅದ್ರಾಗ ಕಲಾ ಎಲ್ಲಿ ಬಂತು?"

ಇಬ್ಬರ ಮಾತಿನಲ್ಲೂ ನಿಜವಿದೆ. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

1948ರವರೆಗೆ ನಮ್ಮ ಕಲಬುರಗಿ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರು ಲಾಲಾ ದೀನ್ ದಯಾಳ್. ಆಗ ಕ್ಯಾಮೆರಾ ಎಂದರೆ ದೊಡ್ಡ ಮರದ ಪೆಟ್ಟಿಗೆ. ಒಂದೊಂದು ಚಿತ್ರಕ್ಕೂ ಒಂದೊಂದು ಗಾಜಿನ ಫಲಕ ಬೇಕು. ನಿಜಾಮರು ಅವರಿಗೆ 'ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. ಕುಂಚ ಹಿಡಿದವರಿಗೆ ಹೇಳುವ ಮಾತನ್ನೇ ಕ್ಯಾಮೆರಾ ಹಿಡಿದವರಿಗೂ ಹೇಳಿದರು ನೋಡಿ!

ಇದೇ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಸ್ಟುಡಿಯೋ ತೆರೆದರು. ಪರದೆಯಲ್ಲಿದ್ದ ಸಿರಿವಂತರ ಮನೆಯ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಲದಲ್ಲಿ ಕಳೆ ಕೀಳುತ್ತಿದ್ದ ನಮ್ಮ ಮುತ್ತಜ್ಜಿಯರಿಗೆ ಆ ಭಾಗ್ಯ ಎಲ್ಲಿ ಬರಬೇಕು? ಎಷ್ಟೋ ಮನೆಗಳಲ್ಲಿ ಅವರ ಒಂದು ಚಿತ್ರವೂ ಇಲ್ಲ.

ಇನ್ನು ಫೋನಿನ ಕತೆ. 1997ರ ಜೂನ್ 11ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಹೆರಿಗೆ ಆಸ್ಪತ್ರೆಯಲ್ಲಿದ್ದರು. ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ಒಂದಕ್ಕೊಂದು ಜೋಡಿಸಿ, ಆಗತಾನೇ ಹುಟ್ಟಿದ ಮಗಳು ಸೋಫಿಯ ಫೋಟೋವನ್ನು ನೆಂಟರಿಗೆ, ಗೆಳೆಯರಿಗೆ ಕಳಿಸಿಬಿಟ್ಟರು. ಮೊಬೈಲ್ ಮೂಲಕ ಹೀಗೆ ಹಂಚಿದ ಮೊದಲ ಚಿತ್ರ ಅದೇ ಎನ್ನುತ್ತಾರೆ. ಮೊಬೈಲ್ ಫೋಟೋ ಶುರುವಾಗಿದ್ದೇ ಮನೆಯವರ ಮೇಲಿನ ಅಕ್ಕರೆಯಿಂದ.

ಈಗ ಯಂತ್ರ ಸುಲಭವಾಗಿದೆ. ಆದರೆ ನೋಡುವ ಕೆಲಸ ಸುಲಭವಾಗಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಎಳ್ಳಮಾವಾಸ್ಯೆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೀರಲ್ಲ? ಭಜ್ಜಿ, ಸಜ್ಜೆ ಕಡುಬು ತಿನ್ನುವ ಮೊದಲು ಮುತ್ಯಾ ಚರಗ ಚೆಲ್ಲುತ್ತಾರೆ. ಸುತ್ತ ಕರಿ ಎರೆ ಮಣ್ಣು, ನಡುವೆ ಬಿಳಿ ಧೋತರ, ರುಮಾಲಿನ ಮುತ್ಯಾ. ಫೋಟೋ ತೆಗೆದರೆ ಎಷ್ಟೋ ಸಲ ಮಣ್ಣು ಬೂದು ಬಣ್ಣಕ್ಕೆ ತಿರುಗಿ, ಧೋತರದ ಮಡಿಕೆಗಳೇ ಮಾಯವಾಗುತ್ತವೆ. ಯಾಕೆ? ಚೌಕಟ್ಟಿನ ತುಂಬ ಕಪ್ಪು ಕಂಡಾಗ ಫೋನು 'ಇಲ್ಲಿ ಕತ್ತಲಿದೆ' ಎಂದುಕೊಂಡು ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಅದಕ್ಕೆ ನಮ್ಮ ಎರೆ ಭೂಮಿಯ ಪರಿಚಯವಿಲ್ಲ, ನಿಮಗಿದೆ. ಪರದೆಯ ಮೇಲೆ ರುಮಾಲು ಕಾಣುವ ಕಡೆ ಬೆರಳಿಂದ ಮುಟ್ಟಿ. ಬಹಳಷ್ಟು ಫೋನುಗಳಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತದೆ. ಬೆರಳನ್ನು ಸ್ವಲ್ಪ ಕೆಳಗೆ ಜಾರಿಸಿದರೆ ಮಣ್ಣು ಮತ್ತೆ ಕಪ್ಪಾಗುತ್ತದೆ, ಮಡಿಕೆಗಳೂ ಮರಳಿ ಬರುತ್ತವೆ.

ಎರಡನೆಯದು ಆಯಿ ರೊಟ್ಟಿ ಬಡಿಯುವ ಚಿತ್ರ. ಫ್ಲ್ಯಾಷ್ ಹಾಕಿದರೆ ಮುಖ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಫ್ಲ್ಯಾಷ್ ಆರಿಸಿ, ಬಾಗಿಲಿನಿಂದ ಬರುವ ಬೆಳಕು ಆಯಿಯ ಒಂದು ಕೆನ್ನೆಗೆ ಬೀಳುವ ಹಾಗೆ ಬದಿಗೆ ನಿಲ್ಲಿ. ನೆರಳು ಇದ್ದರೇ ಮುಖದ ಗೆರೆಗಳಿಗೆ ಜೀವ. ನಮ್ಮ ಕಲಬುರಗಿಯವರೇ ಆದ ಎಸ್.ಎಂ. ಪಂಡಿತ್ (1916–1993) ಬರೆದ ದೇವರ ಚಿತ್ರಗಳು ಕ್ಯಾಲೆಂಡರಾಗಿ ಮನೆಮನೆಯ ಗೋಡೆ ಸೇರಿದ್ದವು. ಎಲ್ಲಾದರೂ ಸಿಕ್ಕರೆ, ಆ ಮುಖಗಳ ಮೇಲೆ ಬೆಳಕು ಯಾವ ದಿಕ್ಕಿನಿಂದ ಬಿದ್ದಿದೆ ಎಂದು ಹುಡುಕಿ. ಅದಕ್ಕಿಂತ ದೊಡ್ಡ ಪಾಠ ಬೇಡ.

ಕ್ಯಾಮೆರಾದ ಬಗ್ಗೆ ತಕರಾರು ಎತ್ತಿದ ದೊಡ್ಡ ಕಲಾವಿದರೂ ಇದ್ದಾರೆ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ಅವರದು ಇಂಥ ವಾದ: ಕ್ಯಾಮೆರಾ ಒಂದೇ ಕಣ್ಣಿನಿಂದ, ಒಂದೇ ಕ್ಷಣ ನೋಡುತ್ತದೆ, ಮನುಷ್ಯ ಹಾಗೆ ನೋಡುವುದಿಲ್ಲ, ಅವನ ಕಣ್ಣು ಅಲೆದಾಡುತ್ತದೆ. ಹಾಗೆಂದು ಅವರು ಕ್ಯಾಮೆರಾ ಬಿಸಾಡಲಿಲ್ಲ. 1986ರಲ್ಲಿ ಅಮೆರಿಕದ ಒಂದು ರಸ್ತೆಯನ್ನು ನೂರಾರು ತುಣುಕುಗಳಾಗಿ ಫೋಟೋ ತೆಗೆದು, ಎಲ್ಲವನ್ನೂ ಅಂಟಿಸಿ ಒಂದೇ ದೊಡ್ಡ ಚಿತ್ರ ಮಾಡಿದರು. ಮುಂದೆ ಫೋನಿನ ಪರದೆಯ ಮೇಲೇ ಬೆರಳಿನಿಂದ ಹೂವು ಬಿಡಿಸಿ ಗೆಳೆಯರಿಗೆ ಕಳಿಸಿದರು.

ಈ ಆಟ ನೀವೂ ಆಡಬಹುದು. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋದರೆ ಭೀಮಾ-ಅಮರಜಾ ಸಂಗಮವನ್ನು ದೂರದಿಂದ ಒಂದೇ ಸಲ ಹೊಡೆದು ಮುಗಿಸಬೇಡಿ. ನೀರು, ಮೆಟ್ಟಿಲು, ಒದ್ದೆ ಕಾಲಿನ ಗುರುತು, ತೆಂಗಿನಕಾಯಿ ಅಂಗಡಿ, ಎಲ್ಲವನ್ನೂ ಬೇರೆ ಬೇರೆ ತೆಗೆದು ಡ್ರಾಯಿಂಗ್ ಹಾಳೆಯ ಮೇಲೆ ಜೋಡಿಸಿ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲೂ ಹೀಗೇ ಮಾಡಬಹುದು. ಅಲ್ಲಿಗೆ ಹಿಂದೂಗಳು, ಮುಸ್ಲಿಮರು ಇಬ್ಬರೂ ಬರುತ್ತಾರೆ. ಬಗೆಬಗೆಯ ಮುಖ, ಬಗೆಬಗೆಯ ಬಟ್ಟೆ. ಆದರೆ ಯಾರ ಮುಖ ತೆಗೆಯುವ ಮುನ್ನವೂ "ತೆಗೀಲೇನ್ರಿ?" ಎಂದು ಕೇಳಿ. ಬೇಡ ಅಂದರೆ ಫೋನು ಜೇಬಿಗಿಡಿ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಹೆಸರು ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರು ಬಹುವಾಗಿ ಮೆಚ್ಚಿ ತೆಗೆದದ್ದು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು. ಅಂಥ ಬದುಕು ನಿಮ್ಮ ಮನೆಯ ಕಟ್ಟೆಯ ಮೇಲೇ ಇದೆ.

ಹಾಗಾದರೆ ನನ್ನ ಉತ್ತರವೇನು? ಬೆರಳು ಒತ್ತುವುದು ಕಲೆಯಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು, ನೂರರಲ್ಲಿ ಯಾವ ಒಂದನ್ನು ಉಳಿಸಬೇಕು ಎಂದು ತೀರ್ಮಾನಿಸುತ್ತೀರಲ್ಲ, ಕಲೆ ಇರುವುದು ಅಲ್ಲಿ. ಆ ಕೆಲಸವನ್ನು ಫೋನು ಮಾಡುವುದಿಲ್ಲ.

ಉಳಿಸುವ ಮಾತು ಬಂತು. ಫೋನು ನೀರಿಗೆ ಬಿದ್ದರೆ, ಕಳೆದುಹೋದರೆ ಸಾವಿರ ಚಿತ್ರ ಒಟ್ಟಿಗೇ ಹೋಗಬಹುದು. ಇನ್ನೊಂದು ಕಡೆ, ಹಳೆ ಟ್ರಂಕಿನಲ್ಲಿರುವ ಸ್ಟುಡಿಯೋ ಫೋಟೋ ಚೆನ್ನಾಗಿಯೇ ಇರುತ್ತದೆ, ಅದರಲ್ಲಿರುವವರ ಹೆಸರು ಹೇಳುವವರೇ ಇರುವುದಿಲ್ಲ. ಎರಡೂ ನಷ್ಟವೇ. ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಆಯಿ-ಮುತ್ಯಾರ ಪಕ್ಕ ಕೂತು ನಿಮ್ಮ ಫೋನಿನಿಂದ ಐದೇ ಐದು ಚಿತ್ರ ಆರಿಸಿ, ಪ್ರಿಂಟ್ ಹಾಕಿಸಿ. ಟ್ರಂಕಿನ ಹಳೆ ಫೋಟೋಗಳನ್ನೂ ಹೊರಗೆ ತೆಗೆಯಿರಿ. ಅಜ್ಜ-ಅಜ್ಜಿಯರೇ, ನೀವು ಹೆಸರು ಹೇಳಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಇಷ್ಟಿದ್ದರೆ ಸಾಕು.